ಬ್ಯಾಟರಿಯ ಲೋಪಸಂಧಿ

ದಾನೇಶ್ವರಿಯನ್ನು ಮೊದಲ ಬಾರಿ ಕಂಡ ದಿನವೇ ನಾನು ಆಕೆಯನ್ನು ತಿದ್ದಲು ಹೋದೆ. ಮೂವತ್ನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದವನಿಗೆ ಸರ್ಕಾರ ನಿವೃತ್ತಿ ಕೊಡಬಹುದು. ಕೆಂಪು ಶಾಯಿ ಬಿಡಬೇಕಲ್ಲ?

ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯಿಂದ ನಮ್ಮ ಬೀದಿಗೆ ತಿರುಗುವ ಮೂಲೆಯಲ್ಲಿ ಹೊಸದಾಗಿ ಒಂದು ಅಂಗಡಿ ತೆರೆದಿತ್ತು. ಮೇಲೆ ಬೋರ್ಡು: ‘ಇಲ್ಲಿ ಕಾರುಗಳ ಲೈಟ, ಹಾರ್ನ, ಬ್ಯಾಟರಿ ರಿಪೇರಿ ಮಾಡಿ ಕೊಡಲಾಗುವದು.’ ಕಾಲು ತಾನಾಗಿ ನಿಂತಿತು. ಒಳಗೆ ಒಂದು ಟೆಂಪೋದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಯಾರೋ ಹೆಂಗಸು ಕೆಲಸ ಮಾಡುತ್ತಿದ್ದರು.

“ಏನಮ್ಮಾ, ಬೋರ್ಡಿನಲ್ಲಿರುವುದು ಒಂದೇ ವಾಕ್ಯ. ಅದರಲ್ಲಿ ಮೂರು ತಪ್ಪು.”

ತಲೆ ಹೊರಗೆ ಬಂತು. ಬಾಯಲ್ಲಿ ಟೆಸ್ಟರು. ಅದನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, “ಯಾವ ಗಾಡಿರಿ ಸರ?” ಎಂದರು.

“ಗಾಡಿಯಲ್ಲಮ್ಮಾ, ವ್ಯಾಕರಣ. ‘ಕೊಡಲಾಗುವದು’ ಅಲ್ಲ, ‘ಕೊಡಲಾಗುವುದು’. ಮತ್ತೆ ಈ ಲೈಟಿಗೂ ಹಾರ್ನಿಗೂ...”

“ನಮ್ಮ ರೋಣದ ಸಾಲ್ಯಾಗ ಹಿಂಗ ಕಲಿಸ್ಯಾರ್ರಿ. ಮತ್ತ ಸರ, ಈ ಬೋರ್ಡ್ ಓದಿ ನನ್ನ ಅಂಗಡಿಗಿ ಯಾರೂ ಬಂದಿಲ್ಲ. ಗಾಡಿ ನಿಂತ್ರ ಬರ್ತಾರ. ನಿಮ್ದೂ ನಿಂತಾಗ ಬರ್ರಿ.”

ಮೊದಲ ಪರಿಚಯದಲ್ಲಿಯೇ ಶಾಪ! ಅದು ಸರಿಯಾಗಿ ಹದಿನೇಳನೆಯ ದಿನಕ್ಕೆ ತಗುಲಿತು.

ನನ್ನ ಗಾಡಿಯ ವಿಷಯ ಹೇಳಬೇಕು. ಹನ್ನೊಂದು ವರ್ಷ ಹಳೆಯದಾದ, ಬೂದುಬಣ್ಣದ, ನಾಲ್ಕು ಜನ ಉಸಿರು ಬಿಗಿಹಿಡಿದರೆ ನಾಲ್ಕು ಜನ ಕೂರಬಹುದಾದ ಕಾರು. ನಿವೃತ್ತಿಯಾದ ವರ್ಷ ಹಟ ಹಿಡಿದು ಕೊಂಡೆ. ನನ್ನ ಹೆಂಡತಿ ಸೊಣ್ಣಮ್ಮನ ಮತವೇನಿತ್ತೆಂದು ನೀವು ಕೇಳಬೇಡಿ. “ಹಸು ತತ್ತೀನಿ ಅಂದಿದ್ರೆ ಬ್ಯಾಡ ಅಂತಿರ್ಲಿಲ್ಲ” ಎಂದಷ್ಟೇ ಅವಳು ಅಂದದ್ದು. “ಇನ್ನು ಜನ್ಮದಲ್ಲಿ ನೀನು ಹೊಸೂರು ರಸ್ತೆಯ ಬಸ್ಸು ಹತ್ತುವಂತಿಲ್ಲ” ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ.

ಕೊಂಡ ವಾರದಲ್ಲಿಯೇ ಇನ್ನೊಂದು ಪುಣ್ಯಕಾರ್ಯವನ್ನೂ ಮಾಡಿದೆ. ಕಾರಿನೊಳಗೆ ಎಲ್ಲಿ ನೋಡಿದರೂ ಇಂಗ್ಲಿಷು. ಕನ್ನಡ ಮೇಷ್ಟ್ರ ಕಾರು ಇಂಗ್ಲಿಷಿನಲ್ಲಿ ಓಡುವುದೇ? ಕೂತು ಮೂವತ್ತೊಂದು ಚೀಟಿಗಳನ್ನು ದುಂಡಗೆ ಬರೆದು, ಮೇಲೆ ಪಾರದರ್ಶಕ ಟೇಪು ಹಾಕಿ, ಒಂದೊಂದು ಗುಂಡಿಗೂ ಅಂಟಿಸಿದೆ. ಹಾರ್ನಿಗೆ ‘ಕಹಳೆ’. ವೈಪರಿಗೆ ‘ಒರಸು’. ಬಾನೆಟ್ ತೆಗೆಯುವ ಹಿಡಿಗೆ ‘ಮೂತಿ’. ಹಿಂಬದಿಯ ಮುಚ್ಚಳ ತೆಗೆಯುವ ಹಿಡಿಗೆ ಮಾತ್ರ ‘ಡಿಕ್ಕಿ’ ಎಂದು ಬರೆಯಲು ಕೈ ಬರಲಿಲ್ಲ. (ತನ್ನ ಕಾರಿನೊಳಗೆ ತಾನೇ ‘ಡಿಕ್ಕಿ’ ಎಂದು ಬರೆದುಕೊಳ್ಳುವ ಮೂಢ ಎಲ್ಲಿಯಾದರೂ ಇದ್ದಾನೆಯೇ?) ಅದಕ್ಕೆ ‘ಬೆನ್ನು’ ಎಂದು ಬರೆದೆ. ಏಳನೇ ತರಗತಿ ಓದಿದ ಸೊಣ್ಣಮ್ಮ ಒಂದೊಂದನ್ನೂ ಗಟ್ಟಿಯಾಗಿ ಓದಿ, “ಈಗ ನಂಗೂ ತಿಳೀತದೆ ಬಿಡಿ” ಎಂದಳು. ನನ್ನ ಎದೆ ಹಿಗ್ಗಿತು. ಹಿಗ್ಗಬಾರದಿತ್ತು ಎಂದು ಆಮೇಲೆ ತಿಳಿಯಿತು.

ಹದಿನೇಳನೆಯ ದಿನ ಬೆಳಗ್ಗೆ ಕೀಲಿ ತಿರುಗಿಸಿದರೆ ಕಾರು ‘ಟಿಕ್’ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಆ ‘ಟಿಕ್’ ಕೂಡ ಇಲ್ಲ. ನಮ್ಮ ಹಿತ್ತಲ ಸಾಲುಮನೆಗಳಲ್ಲಿ ಬಾಡಿಗೆಗಿರುವ ನೀಲಪ್ಪ ಮತ್ತು ಅವನ ಗೆಳೆಯರು ಕಾರ್ಖಾನೆಗೆ ಹೊರಟಿದ್ದವರು ಪಾಪ ಚೀಲ ಇಳಿಸಿ, ಬೀದಿಯ ಕೊನೆಯವರೆಗೂ ತಳ್ಳಿದರು. ಕಾರು ಎದ್ದಿತು, ಅವರ ಕಂಪನಿ ಬಸ್ಸು ತಪ್ಪಿತು. ಮರುದಿನವೂ ಹಾಗೆಯೇ. ನಾಲ್ಕನೆಯ ದಿನದಿಂದ ನಮ್ಮ ಬಾಡಿಗೆದಾರರು ಮುಂಬಾಗಿಲಿನಲ್ಲಿ ನನ್ನನ್ನು ಕಂಡರೆ ಸಾಕು, ಹಿತ್ತಲ ಗೋಡೆ ಹಾರಿ ಕೆಲಸಕ್ಕೆ ಹೋಗತೊಡಗಿದರು.

ತಲೆ ತಗ್ಗಿಸಿಕೊಂಡು ‘ಕೊಡಲಾಗುವದು’ ಅಂಗಡಿಗೆ ಹೋದೆ.

“ನಿಂತಿತೇನ್ರಿ ಸರ?” ಎಂದು ದಾನೇಶ್ವರಿ ನಕ್ಕರು. ಪೆಟ್ಟಿಗೆ ಹಿಡಿದು ಜೊತೆಗೇ ಬಂದರು. ಹತ್ತು ವರ್ಷ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಾರ್ಖಾನೆಯಲ್ಲಿ ವಾಹನಗಳ ವೈರುಗಳನ್ನು ಜಡೆ ಹೆಣೆದಂತೆ ಹೆಣೆದವರಂತೆ. ಇನ್ನೊಂದು ಬ್ಯಾಟರಿಯಿಂದ ವೈರು ಕೊಟ್ಟು ಕಾರನ್ನು ಎಬ್ಬಿಸಿ, ಬ್ಯಾಟರಿಯ ನಾಡಿ ಹಿಡಿದು ನೋಡಿ, “ಬ್ಯಾಟರಿ ಮುಪ್ಪಾಗೈತಿ, ಸತ್ತಿಲ್ಲ. ಹಗಲೆಲ್ಲಾ ಚಾರ್ಜೂ ಬರೋಬ್ಬರಿ ಆಗಾಕತ್ತೈತಿ. ರಾತ್ರಿ ಏನೋ ಒಂದು ಕುಂತು ಕರೆಂಟ್ ಕುಡಿಯಾಕತ್ತೈತ್ರಿ” ಎಂದು ತೀರ್ಪು ಕೊಟ್ಟರು.

ನನಗೆ ಕೂಡಲೇ ಅರ್ಥವಾಯಿತು. ಇದು ಶುದ್ಧ ವ್ಯಾಕರಣ. ಇದ್ದ ಚಾರ್ಜು ಬೆಳಗಾಗುವುದರೊಳಗೆ ಬಿಟ್ಟುಹೋದರೆ ಲೋಪಸಂಧಿ. ಬೇರೆ ಬ್ಯಾಟರಿಯಿಂದ ಹೊಸದಾಗಿ ಬಂದು ಸೇರಿದರೆ ಆಗಮಸಂಧಿ. ಈ ಬ್ಯಾಟರಿಯನ್ನು ಕಿತ್ತು ಇನ್ನೊಂದನ್ನು ಕೂರಿಸಿದರೆ ಆದೇಶಸಂಧಿ. ಈ ಮಾತನ್ನು ನಾನು ದಾನೇಶ್ವರಿಗೆ ವಿವರಿಸಿದೆ. ಆಕೆ ಪೂರ್ತಿ ಕೇಳಿ, “ಹೌದ್ರಿ. ಲೋಪ ಎಲ್ಲೈತಿ ಅಂತ ಹೇಳ್ರಿ ಸಾಕು” ಎಂದರು.

ಆ ದಿನ ಮಧ್ಯಾಹ್ನ ಪರೀಕ್ಷೆ ನಡೆಯಿತು. ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಕಾರಿಗೆ ‘ನಿದ್ದೆ ಹತ್ತುವ’ ತನಕ ಕಾಯಬೇಕಂತೆ. ನಾನೂ ದಾನೇಶ್ವರಿಯೂ ಮಗು ಮಲಗಿದ ಮನೆಯಲ್ಲಿ ಕೂತವರಂತೆ ಪಿಸುಮಾತನಾಡುತ್ತ ಕೂತೆವು. ಆಮೇಲೆ ಆಕೆ ಇಕ್ಕಳದಂತಹ ಒಂದು ಮೀಟರಿನಿಂದ ಬ್ಯಾಟರಿಯ ದಪ್ಪ ವೈರನ್ನು ಕಚ್ಚಿಸಿದರು. ಒಂದೊಂದೇ ಫ್ಯೂಸು ಕಿತ್ತರು, ನೋಡಿದರು, ಹಾಕಿದರು. ಮುಳ್ಳಿನಷ್ಟೂ ಏರುಪೇರಿಲ್ಲ.

“ನಿಮ್ಮ ಗಾಡಿ ಸಾಧು ಐತ್ರಿ ಸರ. ತೊಟ್ಟು ಕರೆಂಟೂ ಹೆಚ್ಚಿಗೆ ಕುಡಿಯೂದಿಲ್ಲ.”

“ಮತ್ತೆ ದಿನಾ ಬೆಳಗ್ಗೆ ಏಕೆ ಮೂರ್ಛೆ ಹೋಗುತ್ತದೆ?”

“ಅದು ಗಾಡಿನ ಹೇಳಬೇಕ್ರಿ.”

ನನಗೆ ಸಂಶಯ ಇದ್ದದ್ದು ಕಾರಿನೊಳಗಿನ ಹಾಡಿನ ಪೆಟ್ಟಿಗೆಯ ಮೇಲೆ. ಅದು ನನ್ನ ಬಾಮೈದ ನಲ್ಲಪ್ಪ ಕೊಟ್ಟ ಉಡುಗೊರೆ. ನಲ್ಲಪ್ಪ ಇರುವುದು ಮಹದೇವಪುರದಲ್ಲಿ; ಅವನ ಕಣ್ಣು ಇರುವುದು ನನ್ನ ಕಾರಿನ ಮೇಲೆ. ನನ್ನ ರಕ್ತ ಹೀರಿದವನ ಪೆಟ್ಟಿಗೆ ಬ್ಯಾಟರಿಯನ್ನು ಬಿಡುತ್ತದೆಯೇ? ಅದನ್ನು ಬಿಚ್ಚಿಸಿ ಅಟ್ಟದ ಮೇಲೆ ಇಡಿಸಿದೆ. ಸೊಣ್ಣಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

“ನನ್ ತಮ್ಮ ಕೊಟ್ಟಿದ್ದು ಅಂತ ತಾನೇ ಕಿತ್ತಾಕ್ಸಿದ್ದು?”

“ಪರೀಕ್ಷಾರ್ಥವಾಗಿ ಕಣೇ.”

“ನಿಮ್ ತಂಗಿ ಕೊಟ್ಟ ಮೆತ್ತೆ ಮಾತ್ರ ಸೀಟಿನ ಮ್ಯಾಲೇ ಐತಲ್ಲ? ಅದನ್ಯಾಕೆ ಪರೀಕ್ಸೆ ಮಾಡ್ಸಲಿಲ್ಲ?”

“ಮೆತ್ತೆ ಕರೆಂಟು ಕುಡಿಯುವುದಿಲ್ಲ ಕಣೇ.”

“ನಿಮ್ಮ ಕಡೇವ್ರು ಏನೂ ಕುಡಿಯಾಕಿಲ್ಲ, ಪಾಪ!”

ಮರುದಿನ ಬೆಳಗ್ಗೆ ಹಾಡಿನ ಪೆಟ್ಟಿಗೆಯಿಲ್ಲದ ಕಾರು ಹಾಡೂ ಇಲ್ಲದೆ, ಸದ್ದೂ ಇಲ್ಲದೆ ನಿಂತಿತ್ತು. ಸೊಣ್ಣಮ್ಮ ಎರಡೂ ಕೈ ಸೊಂಟದ ಮೇಲಿಟ್ಟು ಸುಗ್ರೀವಾಜ್ಞೆ ಹೊರಡಿಸಿದಳು.

“ನೋಡಿ, ಈ ಭಾನ್ವಾರ ನಲ್ಲಪ್ಪನ ಮಗಳು ಮಂಜುಶ್ರೀ ನಿಶ್ಚಿತಾರ್ಥ. ನಾನು ಸ್ವಾದ್ರತ್ತೆ. ಹನ್ನೊಂದು ತಟ್ಟೆ ಇಟ್ಕಂಡು, ರೇಶ್ಮೆ ಸೀರೆ ಉಟ್ಕಂಡು ಎಂಟು ಗಂಟೆಗೆ ಅಲ್ಲಿರ್ಬೇಕು. ಅವತ್ತು ಈ ನಿಮ್ಮ ಗೂಬೆ ಏಳ್ಲಿಲ್ಲ ಅನ್ನಿ, ಮಾರನೇ ದಿನ ನಲ್ಲಪ್ಪ ಬಂದು ಹಗ್ಗ ಕಟ್ಟಿ ಎಳ್ಕಂಡು ಓಯ್ತಾನೆ. ಅವನಿಗೆ ಮಾತು ಕೊಟ್ಟಿದ್ದೀನಿ.”

“ನನ್ನನ್ನು ಕೇಳದೆ?”

“ನೀವು ನನ್ನ ಕೇಳಿ ತಂದ್ರಾ?”

ವಾದದಲ್ಲಿ ಸೋತರೂ ಕಾರು ಬಿಡುವ ಮನಸ್ಸಿಲ್ಲ. ನಿಮಗೆ ಹೇಳಲು ನಾಚಿಕೆ ಏಕೆ? ಆ ಕಾರಿನಲ್ಲಿ ಸ್ಟೀರಿಂಗಿನ ಮುಂದೆ ಕೂತಾಗ ಮಾತ್ರ ನಾನು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ಏನಾದರೂ ತಿರುಗುತ್ತಿತ್ತು. ಮನೆಯಲ್ಲಿ ಆ ಸೌಕರ್ಯವಿಲ್ಲ.

ಹಳೆಯ ಹಾಜರಿ ಪುಸ್ತಕ ಒಂದಿತ್ತು. ಅದರಲ್ಲಿ ಬ್ಯಾಟರಿಯ ಹೆಸರು ಬರೆದು ದಿನವೂ ಹಾಜರಿ ಹಾಕತೊಡಗಿದೆ. ಎದ್ದರೆ ‘ಹಾ’, ಏಳದಿದ್ದರೆ ‘ಗೈ’. ಪಕ್ಕದಲ್ಲಿ ಹಿಂದಿನ ದಿನ ಎಲ್ಲಿಗೆ ಹೋಗಿದ್ದೆವು, ಯಾರು ಯಾರು ಹೋಗಿದ್ದೆವು ಎಂಬ ಟಿಪ್ಪಣಿ. ಐದು ದಿನದಲ್ಲಿ ಸತ್ಯ ಹೊಳೆಯಿತು. ನಾನೊಬ್ಬನೇ ಗ್ರಂಥಾಲಯಕ್ಕೆ ಹೋಗಿ ಬಂದ ಮರುದಿನ ಕಾರು ಹಾಜರು. ಸೊಣ್ಣಮ್ಮ ಜೊತೆಯಲ್ಲಿ ಕೂತು ಬಂದ ಮರುದಿನ ತಪ್ಪದೆ ಗೈರು! ವಿಜ್ಞಾನದ ಇಂತಹ ಮಹತ್ತಾದ ಶೋಧವನ್ನು ಹೆಂಡತಿಗೆ ಹೇಳಬಾರದೆಂಬ ವಿವೇಕ ನನಗಿರಲಿಲ್ಲ.

“ಏನಂದ್ರಿ?”

“ನಾನಲ್ಲ ಕಣೇ ಅಂದದ್ದು, ಹಾಜರಿ ಪುಸ್ತಕ.”

“ನಾನು ಕುಂತ್ರೆ ಬ್ಯಾಟ್ರಿ ಇಳೀತದೆ. ನನ್ನ ಕಾಲ್ಗುಣ ಸರಿಯಿಲ್ಲ. ಅಂಗೇ ತಾನೆ?”

“ಕಾಲ್ಗುಣ ಎನ್ನಲಿಲ್ಲ. ಕಾರ್ಯಕಾರಣ ಸಂಬಂಧ ಎಂದೆ.”

“ಸಂಬಂಧ! ಮೂವತ್ತು ವರ್ಸದ ಸಂಬಂಧದಾಗೆ ಇದೊಂದು ಮಾತು ಬಾಕಿಯಿತ್ತು!”

ಅಂದು ಉಪ್ಪಿಲ್ಲದ ಸಾರು. ಮರುದಿನ ಸಾರಿಲ್ಲದ ಉಪ್ಪು. ಶನಿವಾರದ ಹೊತ್ತಿಗೆ ನನ್ನ ಬ್ಯಾಟರಿಯೂ ಇಳಿದಿತ್ತು. ಬೆಳಗಾದರೆ ನಿಶ್ಚಿತಾರ್ಥ. ದಾನೇಶ್ವರಿಯ ಅಂಗಡಿಗೆ ಹೋಗಿ, ಹಾಜರಿ ಪುಸ್ತಕವನ್ನು ಮುಂದಿಟ್ಟು, “ತಾಯಿ, ನಾಳೆ ಇದು ಏಳದಿದ್ದರೆ ನನ್ನ ಕಾರು ಹೋಗುತ್ತದೆ” ಎಂದೆ. ಆಕೆ ಪುಟದ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿ, ಮತ್ತೆ ಪುಟ ನೋಡಿದರು.

“ಅಕ್ಕಾರ ಕುಂತ ದಿನ ಅಷ್ಟ?”

“ಅಷ್ಟೇ. ಆದರೆ ಅದನ್ನು ಗಟ್ಟಿಯಾಗಿ ಹೇಳಬೇಡ.”

“ನಾನು ಬರೀ ಗಾಡಿ ನೋಡಿದೆ ನೋಡ್ರಿ. ಗಾಡಿಯೊಳಗ ಕುಂದರೋರನ್ನ ನೋಡಲಿಲ್ಲ. ನಡೀರಿ. ನೀವಿಬ್ರೂ ದಿನಾ ಹೆಂಗ ಮಾಡ್ತೀರಿ, ಹಂಗ ಮಾಡಿ ತೋರಸ್ರಿ. ಒಂದು ಗೆರಿ ಹೆಚ್ಚು ಬ್ಯಾಡ, ಒಂದು ಗೆರಿ ಕಮ್ಮಿ ಬ್ಯಾಡ.”

ಮಧ್ಯಾಹ್ನ ನಾಲ್ಕು ಗಂಟೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೋಪದಿಂದ ಮೂಗಿನ ನತ್ತು ಅಲ್ಲಾಡುತ್ತಿದ್ದ ಸೊಣ್ಣಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಯ ಏರಿಯ ತನಕ ಹೋಗಿ ತಿರುಗಿ ಬಂದೆ. ಮನೆಯ ಮುಂದೆ ನಿಲ್ಲಿಸಿದೆ. ದಾನೇಶ್ವರಿ ಬಾನೆಟ್ ಎತ್ತಿ ಮೀಟರು ಕಚ್ಚಿಸಿದರು. ನಾನು ದಿನದಂತೆ ಕೀಲಿಯನ್ನು ಸೊಣ್ಣಮ್ಮನ ಕೈಗೆ ಕೊಟ್ಟು (ಮನೆಯ ಎಲ್ಲ ಕೀಲಿಗಳಂತೆ ಅದರ ವಾಸವೂ ಅವಳ ಸೊಂಟದಲ್ಲಿಯೇ), ಕಾರಿಗೆ ಹೊದಿಸುವ ದಪ್ಪ ಟಾರ್ಪಾಲು ತರಲು ಜಗುಲಿಯ ಕಡೆ ಹೋದೆ. ಬೆನ್ನ ಹಿಂದೆ ದಾನೇಶ್ವರಿಯ ಕೂಗು ಕೇಳಿಸಿತು.

“ಜಿಗೀತು! ಜಿಗೀತ್ರಿ ಸರ! ಅಕ್ಕಾರ, ಹಂಗ ನಿಂದರ್ರಿ! ಈಗೇನ್ ಮಾಡಿದ್ರಿ?”

“ನಾನೇನ್ ಮಾಡ್ದೆ? ಬಾಗ್ಲು ಹಾಕ್ದೆ.”

“ಬಾಗಲಾ ಇನ್ನೂ ತೆರದಽ ಐತಲ್ರಿ?”

“ಆ ಬಾಗ್ಲಲ್ಲ ಕಣವ್ವ. ಮೇಲಿನ ಬಾಗ್ಲು.”

ಟಾರ್ಪಾಲು ಅಲ್ಲಿಯೇ ಬಿಟ್ಟು ಓಡಿಬಂದೆ. ದಾನೇಶ್ವರಿ ಕಾರಿನೊಳಗೆ ಇಣುಕಿದ್ದರು. ಸೊಣ್ಣಮ್ಮ ಪಾಠ ಒಪ್ಪಿಸುವ ಹುಡುಗಿಯ ಹಾಗೆ, ಕಾರಿನ ಚಾವಣಿಯಲ್ಲಿದ್ದ ಪುಟ್ಟ ಗುಂಡಿಯನ್ನು ತೋರಿಸುತ್ತಿದ್ದಳು. ಅದರ ಮೇಲೆ ನನ್ನ ಕೈಬರಹದ ಮೂರು ಚೀಟಿಗಳು. ನಡುವೆ ‘ಬಾಗಿಲು’. ಎಡಗಡೆ ‘ಹಾಕು’. ಬಲಗಡೆ ‘ತೆಗೆ’.

“ನೋಡವ್ವ, ಮೇಷ್ಟ್ರು ಎಷ್ಟು ಚೆಂದಾಗಿ ಬರೆದವ್ರೆ. ಬೆಳಿಗ್ಗೆ ಗಾಡಿಗೆ ಬಂದ್ರೆ ‘ಬಾಗಿಲು ತೆಗೆ’. ಸಾಯಂಕಾಲ ಇಳಿಯೋವಾಗ ‘ಬಾಗಿಲು ಹಾಕು’. ನಾನು ಒಂದಿನಾನೂ ಮರ್ತಿಲ್ಲ. ಇವರಿಗೆಲ್ಲಿ ಗ್ಯಾನ? ಟಾರ್ಪಾಲು ತರಾಕೆ ಓಡೋಗ್ತಾರೆ. ನಾನು ಇಂಗೆ ಭದ್ರ ಮಾಡಿರೋದಕ್ಕೇ ಇನ್ನೂ ಕಳ್ಳರು ಮುಟ್ಟಿಲ್ಲ.”

ಅದು ಕಾರಿನ ಒಳದೀಪದ ಗುಂಡಿ. ‘ಆನ್’ ಎಂದಿದ್ದ ಕಡೆ ‘ಹಾಕು’ ಎಂದು ಬರೆದವನು ನಾನು. ‘ಆಫ್’ ಎಂದಿದ್ದ ಕಡೆ ‘ತೆಗೆ’ ಎಂದು ಬರೆದವನೂ ನಾನು. ನಡುವಿನ ‘ಡೋರ್’ ಎಂದರೆ ಬಾಗಿಲು ತೆರೆದಾಗ ಮಾತ್ರ ದೀಪ ಉರಿಯುವ ಸ್ಥಾನ. ಅದಕ್ಕೆ ಮಕ್ಕಿಕಾಮಕ್ಕಿ ‘ಬಾಗಿಲು’ ಎಂದು ಬರೆದೆ. ದೀಪ ಹಾಕು, ದೀಪ ತೆಗೆ ಎಂಬ ನನ್ನ ಅರ್ಥಕ್ಕೆ ‘ದೀಪ’ ಎಂಬ ಕರ್ಮಪದವನ್ನೇ ಕೊಡದೆ, ಪಕ್ಕದಲ್ಲಿ ‘ಬಾಗಿಲು’ ಎಂಬ ಕರ್ಮಪದವನ್ನು ತಂದು ಕೂರಿಸಿದರೆ ಓದುವವರು ಏನು ಮಾಡಬೇಕು? ನಮ್ಮ ನುಡಿಯ ಚಮತ್ಕಾರವನ್ನು ನೋಡಿ: ಬಾಗಿಲು ಹಾಕಿದರೆ ಮುಚ್ಚುತ್ತದೆ, ದೀಪ ಹಾಕಿದರೆ ಹೊತ್ತುತ್ತದೆ! ನನ್ನ ಹೆಂಡತಿ ದಿನವೂ ಸಂಜೆ ಬಾಗಿಲು ಹಾಕಿದ್ದಳು. ಅದು ದೀಪ ಹಾಕಿದಂತಾಗಿತ್ತು. ಸಂಜೆಯ ಬಿಸಿಲಿನಲ್ಲಿ ಆ ಮಿಣುಕು ಯಾರಿಗೂ ಕಾಣದು. ಆಮೇಲೆ ನಾನೇ ಮೇಲೆ ಟಾರ್ಪಾಲು ಹೊದಿಸುತ್ತಿದ್ದೆ. ಒಳಗೆ ದೀಪ ಇಡೀ ರಾತ್ರಿ ಉರಿಯುತ್ತಿತ್ತು. ಬ್ಯಾಟರಿ ಗಟ್ಟಿಯಾಗಿದ್ದಷ್ಟು ಕಾಲ ತಡೆದುಕೊಂಡಿತ್ತು; ಮುಪ್ಪಾದ ಮೇಲೆ ಬೆಳಗಾಗುವ ಹೊತ್ತಿಗೆ ದೀಪ ಅದನ್ನೂ ಮುಗಿಸಿ ತಾನೂ ಆರುತ್ತಿತ್ತು. ಬೆಳಗ್ಗೆ ಅವಳು ಬಂದು ಭಕ್ತಿಯಿಂದ ‘ಬಾಗಿಲು ತೆಗೆ’ದರೆ ಸಾಕ್ಷಿಯೂ ನಾಶ!

ದಾನೇಶ್ವರಿ ಕಾರಿನ ಚಕ್ರಕ್ಕೆ ಒರಗಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. “ನಮ್ಮ ಕಡೆ ಲೈಟ್ ‘ಹಚ್ಚು’ ಅಂತೀವ್ರಿ ಸರ. ‘ಹಚ್ಚು’ ಅಂತ ಬರದಿದ್ರ ಈ ತ್ರಾಸಽ ಇರತಿರಲಿಲ್ಲ. ಬಾಗಲಾ ಯಾರೂ ಹಚ್ಚೂದಿಲ್ಲ!”

ರೋಣದ ಶಾಲೆಗೆ ಮನಸ್ಸಿನಲ್ಲಿಯೇ ಕೈ ಮುಗಿದೆ.

ಸೊಣ್ಣಮ್ಮನಿಗೆ ವಿಷಯ ತಿಳಿಯಲು ಒಂದು ನಿಮಿಷ ಹಿಡಿಯಿತು. ತಿಳಿದ ಮೇಲೆ ಅವಳು ನಗಲಿಲ್ಲ, ಬೈಯಲೂ ಇಲ್ಲ. ಬಹಳ ನಿಧಾನವಾಗಿ ಕೇಳಿದಳು.

“ಅಂಗಾದ್ರೆ ಕಾಲ್ಗುಣ ಅಲ್ಲ?”

“ಅಲ್ಲ ಕಣೇ.”

“ಮತ್ತಿನ್ನೇನು?”

“ಕೈಬರಹ,” ಎಂದೆ. “ನನ್ನದು.”

ಭಾನುವಾರ ಬೆಳಗ್ಗೆ ಏಳಕ್ಕೆ ಕೀಲಿ ಅರ್ಧ ತಿರುಗಿಸುವುದರೊಳಗೆ ಕಾರು ಎದ್ದಿತು. ಹನ್ನೊಂದು ತಟ್ಟೆಗಳೊಂದಿಗೆ, ಕಾಲು ಗಂಟೆ ಮುಂಚಿತವಾಗಿ, ಮಹದೇವಪುರ ತಲುಪಿದೆವು. ನಾನು ಗೆದ್ದೆನೆಂದು ಬೀಗಿ, ಮೊದಲ ಪಂಕ್ತಿಯಲ್ಲಿಯೇ ಊಟಕ್ಕೆ ಕೂತೆ. ಎರಡನೆಯ ಹೋಳಿಗೆ ಬೀಳುವಷ್ಟರಲ್ಲಿ ಹೆಂಗಸರ ಕಡೆಯಿಂದ ನಗೆಯ ಅಲೆ ಎದ್ದಿತು. ಸೊಣ್ಣಮ್ಮ ಕೈ ಮೇಲೆತ್ತಿ, ಗಾಳಿಯಲ್ಲಿ ಒಂದು ಗುಂಡಿಯನ್ನು ಅತ್ತ ಇತ್ತ ಸರಿಸಿ ತೋರಿಸುತ್ತಿದ್ದಳು. ನಲ್ಲಪ್ಪ ತುಪ್ಪದ ಗಿಂಡಿ ಹಿಡಿದು ನನ್ನ ಎಲೆಯ ಮುಂದೆ ಬಗ್ಗಿ, “ಭಾವ, ಹಾಕ್ಲಾ, ತೆಗೀಲಾ?” ಎಂದು ಕೇಳಿದ. ಇಡೀ ಪಂಕ್ತಿ ಗೊಳ್ಳೆಂದಿತು. ನಾನು ಬಾಯಲ್ಲಿದ್ದ ಹೋಳಿಗೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಗಿದೆ.

ಹೊರಡುವಾಗ ನಲ್ಲಪ್ಪ ಅಕ್ಕನ ಕಿವಿಯಲ್ಲಿ ಏನೋ ಊದಿದ. “ಇಲ್ಲ ಕಣೋ,” ಎಂದು ಸೊಣ್ಣಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು, “ಗಾಡಿ ನಿಂಗೆ ಕೊಡಾಕಿಲ್ಲ.” ನನಗೆ ಆನಂದಬಾಷ್ಪ ಬರುವುದರಲ್ಲಿತ್ತು. “ಇವ್ರಿಗೂ ಕೊಡಾಕಿಲ್ಲ. ನಾನೇ ಕಲೀತೀನಿ.”

ಈಗ ಎರಡು ತಿಂಗಳಾಯಿತು. ದಾನೇಶ್ವರಿಯ ಅಂಗಡಿ ಬೆಳೆದಿದೆ. ಭಾನುವಾರ ಮಾತ್ರ ಶಟರು ಎಳೆದಿರುತ್ತದೆ. ಅಂದು ಆಕೆ ನಮ್ಮ ಕಾರಿನಲ್ಲಿ ಸೊಣ್ಣಮ್ಮನಿಗೆ ಪಾಠ ಹೇಳಿಕೊಡುತ್ತಾರೆ. ಕೈಗಾರಿಕಾ ಪ್ರದೇಶದ ಹಿಂದೆ ಒಂದು ಖಾಲಿ ಮೈದಾನವಿದೆ. ಆಕೆ ಎಡಗಡೆ ಕೂತು, “ಕ್ಲಚ್ ಸಾವಕಾಶ ಬಿಡ್ರಿ ಅಕ್ಕಾರ, ಅದೇನು ಮಾಸ್ತರ ಅಲ್ಲ, ತುಳದಷ್ಟೂ ತಡಕೊಳ್ಳಾಕ!” ಎಂದು ಕೂಗುವುದು ನನ್ನ ತನಕ ಕೇಳಿಸುತ್ತದೆ. ನಾನು ಇರುವುದು ಕಾರಿನೊಳಗಲ್ಲ, ಮೈದಾನದ ಆ ಕೊನೆಯಲ್ಲಿ. ಸೊಣ್ಣಮ್ಮ ಬಂದು ನನ್ನನ್ನು ಒಂದು ಸುತ್ತು ಹಾಕಿ ಹಿಂತಿರುಗಬೇಕು. ಆ ತಿರುವಿಗೆ ಒಂದು ಗುರುತು ಬೇಕಲ್ಲ, ಆ ಗುರುತು ನಾನು. ಮೊನ್ನೆ ಕಾರು ಸ್ವಲ್ಪ ಹತ್ತಿರ ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ದಾನೇಶ್ವರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಗದರಿಸಿದರು.

“ಸರ, ಹಂಗ ಸರದಾಡಬ್ಯಾಡ್ರಿ! ಲೆಕ್ಕ ತಪ್ಪತೈತಿ!” ಆಮೇಲೆ ಸೊಣ್ಣಮ್ಮನ ಕಡೆ ತಿರುಗಿ, “ಬರೂ ವಾರದಿಂದ ಒಂದು ಕಲ್ಲು ಇಡೂಣ್ರಿ ಅಕ್ಕಾರ” ಎಂದರು.